ತಾಯಿ-ಮಗು ಕೊಠಡಿಯ ಬೀಗದ ಕೈ

ನಮ್ಮ ಕಂಪನಿಯಲ್ಲಿ ತಾಯಿ-ಮಗು ಕೊಠಡಿ ಇದೆ. ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಬಾಗಿಲಿಗೆ ಬೋರ್ಡೇ ಹೊಡೆದಿದ್ದಾರೆ. ಬೋರ್ಡಿನಲ್ಲಿ ಯಶೋದೆ ಕೃಷ್ಣನನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಾಳೆ. ಅವಳ ಪಾದದ ಹತ್ತಿರ ಅಂಗೈಯಗಲದ ಬೀಗ.

ಹೆರಿಗೆ ರಜೆ ಮುಗಿಸಿ ತುಮಕೂರಿನ ಹೊರಗಿರುವ ಈ ಕಂಪನಿಗೆ ವಾಪಸ್ ಬಂದಾಗ ನನ್ನ ಮಗನಿಗೆ ನಾಲ್ಕು ತಿಂಗಳು ಚಿಲ್ಲರೆ. ರಜೆ 26 ವಾರ ಅಲ್ವಾ ಅನ್ನುತ್ತೀರಿ. ಹೌದು, 2017ರಲ್ಲಿ ಕಾಯ್ದೆ ತಿದ್ದಿ 12 ವಾರ ಇದ್ದದ್ದನ್ನು 26 ಮಾಡಿದರು, ಪುಣ್ಯ ಬರಲಿ. ಆದರೆ ಅದರಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ಖರ್ಚಾಗಿತ್ತು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಏನು ಮಾಡೋದು? ಉಳಿದದ್ದು 18 ವಾರ. ಆಸ್ಪತ್ರೆಯಲ್ಲಿ ಮಾತ್ರ ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಕೊಡಬೇಡಿ ಅಂದಿದ್ದರು. ನಡುವಿನ ಎರಡು ತಿಂಗಳನ್ನು ಮಗುವೇ ಅಡ್ಜಸ್ಟ್ ಮಾಡಿಕೊಳ್ಳಬೇಕು.

ಮೊದಲ ದಿನ ಹನ್ನೊಂದು ಗಂಟೆಗೆಲ್ಲ ಹಾಲು ಕಟ್ಟಿ ಎದೆ ಕಲ್ಲಾಯಿತು. ಬೀಗದ ಕೈ ಕೇಳಿದೆ. ಎಚ್‌ಆರ್‌ನವರು ಅಡ್ಮಿನ್‌ಗೆ ಕಳಿಸಿದರು, ಅಡ್ಮಿನ್‌ನವರು ಸ್ಟೋರಿಗೆ. ಸ್ಟೋರಿನವರು ಟೀಗೆ ಹೋಗಿದ್ದರು. ಬಂದರು, ತೆಗೆದರು. ಒಳಗೆ ಗಣೇಶನ ಪೆಂಡಾಲಿನ ಬಟ್ಟೆ, ಕಾಲು ಮುರಿದ ಕುರ್ಚಿಗಳು, ಖಾಲಿ ನೀರಿನ ಕ್ಯಾನುಗಳು, ಆಯುಧಪೂಜೆಗೆ ಕಟ್ಟಿ ಒಣಗಿದ ಬಾಳೆಕಂಬ. ತಾಯಿ ಮಗು ಬಿಟ್ಟು ಮಿಕ್ಕಿದ್ದೆಲ್ಲಾ ಇತ್ತು.

ಒಳಗೆ ಹೋಗಬೇಕಾದರೆ ರಿಜಿಸ್ಟರ್‌ನಲ್ಲಿ ಬರೆಯಬೇಕು. ಹೆಸರು, ಹೋದ ಸಮಯ, ಬಂದ ಸಮಯ, ಉದ್ದೇಶ. ನನಗಿಂತ ಮುಂಚೆ ಎಲೆಕ್ಟ್ರಿಷಿಯನ್ ಬರೆದಿದ್ದ: 'ಟ್ಯೂಬ್‌ಲೈಟ್'. ಅದಕ್ಕೂ ಮೇಲೆ ಯಾರೋ: 'ಕುರ್ಚಿ ಇಡಲು'. ನಾನು 'ಹಾಲು' ಅಂತ ಬರೆದೆ. ಸ್ಟೋರಿನವರು ಕನ್ನಡಕ ಏರಿಸಿ ಓದಿ, "ಎಷ್ಟು ಲೀಟರ್ ಮೇಡಂ?" ಅಂದರು. ಅವರ ತಪ್ಪಲ್ಲ, ಅವರ ಕೆಲಸವೇ ಹಾಗೆ.

ಹಿಂಡಿದ ಹಾಲನ್ನು ಫ್ರಿಜ್‌ನಲ್ಲಿ ನಂದಿನಿ ಪ್ಯಾಕೆಟ್ ಪಕ್ಕ ಇಟ್ಟೆ. ಬಾಟಲಿಗೆ 'ಕಾಫಿಗಲ್ಲ' ಅಂತ ಚೀಟಿ ಅಂಟಿಸಿದೆ. ಮಧ್ಯಾಹ್ನ ನೋಡಿದರೆ ಅದರ ಕೆಳಗೆ ಯಾರೋ 'ಟೀಗೆ?' ಅಂತ ಬರೆದಿದ್ದರು.

ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಸಲ ಬಿಡುವು ಕೊಡಬೇಕು ಅಂತ ಕಾನೂನೇ ಹೇಳಿದೆ. ಊಟದ ಬಿಡುವು ಬೇರೆ, ಇದು ಬೇರೆ. ಅದನ್ನೇ ಮ್ಯಾನೇಜರ್‌ಗೆ ಹೇಳಿದೆ. "ಹಂಗೆಲ್ಲಾ ಎದ್ದೆದ್ದು ಹೋದರೆ ಪ್ರೊಡಕ್ಷನ್ ಏನಾಗಬೇಕಮ್ಮ?" ಅಂದರು. ನಿಜ, ಅವರಿಗೆ ಚಿಂತೆ ಇದ್ದೇ ಇರುತ್ತದೆ. ಈ ಮಾತಾಡಿದ್ದು ಗೇಟಿನಾಚೆಯ ಟೀ ಅಂಗಡಿಯಲ್ಲಿ. ಅವರ ಕೈಯಲ್ಲಿದ್ದ ಸಿಗರೇಟು ಅವತ್ತಿನದು ಮೂರನೆಯದು.

ಶಿಶುಪಾಲನಾ ಕೇಂದ್ರದ ಕಥೆ ಇನ್ನೂ ಚೆಂದ. 50 ಜನ ಕೆಲಸದವರಿದ್ದರೆ ಅದನ್ನು ಮಾಡಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. ನಮ್ಮಲ್ಲಿ ಪೇರೋಲ್‌ನಲ್ಲಿರುವವರು 48. ಮಿಕ್ಕವರೆಲ್ಲ ಕಂಟ್ರಾಕ್ಟ್‌ನವರಂತೆ. ಕ್ಯಾಂಟೀನಿನಲ್ಲಿ ತಟ್ಟೆ ಎಣಿಸಿದರೆ ನೂರು ದಾಟುತ್ತದೆ. ನರೇಗಾ ಕೂಲಿಯವರ ಮಕ್ಕಳಿಗೆ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂದಿದೆ. ನಾನೂ ಗುದ್ದಲಿ ಹಿಡಿದಿದ್ದರೆ ಆಗುತ್ತಿತ್ತೇನೋ.

ಅಷ್ಟರಲ್ಲಿ ಆಗಸ್ಟ್ ಬಂತು. ಮೊದಲ ವಾರ ವಿಶ್ವ ಸ್ತನ್ಯಪಾನ ಸಪ್ತಾಹ. ಒಂದೇ ರಾತ್ರಿಯಲ್ಲಿ ಬಾಳೆಕಂಬ, ಕ್ಯಾನು ಎಲ್ಲ ಮಾಯ. ಗೋಡೆಗೆ ಗುಲಾಬಿ ಬಣ್ಣ, ಬಲೂನು, ಮೂಲೆಯಲ್ಲಿ ಒಂದು ಟೆಡ್ಡಿ. ಅದರ ಕಿವಿಯಲ್ಲಿ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಆದರೆ ಫೋಟೋಗೆ ಒಂದು ಮಗು ಬೇಕಲ್ಲ? ಎಚ್‌ಆರ್‌ನವರು ನನ್ನನ್ನು ಹುಡುಕಿಕೊಂಡು ಬಂದರು. ಇಷ್ಟು ದಿನದಲ್ಲಿ ಅವರಾಗೇ ಬಂದಿದ್ದು ಅದೇ ಮೊದಲು.

ಅತ್ತೆ ಬಟವಾಡಿಯಿಂದ ಆಟೋದಲ್ಲಿ ಮಗುವನ್ನು ಕರೆತಂದರು. ಐದು ಜನ ಗಂಡಸರು ಸೇರಿ ಒಂದು ಟೇಪು ಕತ್ತರಿಸಿದರು. ತಾಯಿ ಹಾಲು ಅಮೃತ ಅಂತ ನಲವತ್ತು ನಿಮಿಷ ಭಾಷಣ ಆಯಿತು. ಅಮೃತದ ಎರಡನೇ ಸುತ್ತಿಗೆ ಮಗ ಹಸಿವಿನಿಂದ ಕಿರುಚತೊಡಗಿದ. ಕೊಠಡಿಯೊಳಗೆ ಹೋಗೋಣವೆಂದರೆ ಅತಿಥಿಗಳು ಕೂತು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನುತ್ತಿದ್ದರು. ಹಾಲುಣಿಸುವ ಕುರ್ಚಿಯ ಮೇಲೆ ಚಟ್ನಿ ಬಕೆಟ್.

ಗೇಟಿನ ಹತ್ತಿರ ಹೋದೆ. ಸೆಕ್ಯುರಿಟಿ ಅಣ್ಣ ಮಾತಾಡದೆ ತನ್ನ ಕ್ಯಾಬಿನ್ನಿನ ಕುರ್ಚಿ ಒರೆಸಿಕೊಟ್ಟು, ಬಾಗಿಲು ಎಳೆದುಕೊಂಡು ಬೆನ್ನು ಹಾಕಿ ನಿಂತ. ಮಗ ಕುಡಿಯತೊಡಗಿದ.

ಎರಡು ನಿಮಿಷವೂ ಆಗಿರಲಿಲ್ಲ. ಹೊರಗೆ ಸ್ಟೋರಿನವರ ದನಿ: "ಮೇಡಂ ಒಳಗಿದ್ದಾರಾ? ರೂಮಿನ ರಿಜಿಸ್ಟರ್‌ನಲ್ಲಿ ಇವತ್ತು ಅವರ ಸೈನೇ ಇಲ್ಲ. ಆಡಿಟ್‌ನವರು ಕೇಳಿದರೆ ನಾನೇನು ಹೇಳಲಿ?"