ಡೈರಿ ಬರೆಯುವ ಗೆಳೆಯರು

ಒಂದೇ ಕಸುಬಿನವರ ನಡುವೆ ಗೆಳೆತನ ಬಾಳುವುದು ಕಷ್ಟ. ಅನುಮಾನವಿದ್ದರೆ ಒಬ್ಬ ಕವಿಯ ಎದುರು ಇನ್ನೊಬ್ಬ ಕವಿಯನ್ನು ಹೊಗಳಿ ನೋಡಿ, ಮುಖ ಹುಳ್ಳಗಾಗುತ್ತದೆ. ಅಂಥದ್ದರಲ್ಲಿ ಪೋಲೆಂಡಿನ ಜಿಗ್ಮುಂಟ್ ಮಿಚೆಲ್‌ಸ್ಕಿ ಮತ್ತು ಸ್ಟೆಫಾನ್ ಕಿಶೆಲೆವ್‌ಸ್ಕಿ ಇಬ್ಬರೂ ಸಂಗೀತ ರಚನಕಾರರು, ಇಬ್ಬರೂ ವಿಮರ್ಶಕರು, ಸಾಲದ್ದಕ್ಕೆ ಇಬ್ಬರೂ ಡೈರಿ ಬರೆಯುವವರು. ಕಚ್ಚಾಡಲು ಇಷ್ಟೆಲ್ಲ ಅನುಕೂಲವಿದ್ದೂ ಕೊನೆಯವರೆಗೆ ಗೆಳೆಯರಾಗಿಯೇ ಉಳಿದರು.

ಜಾತಕ ಕೂಡಿಬಂದ ಜೋಡಿಯೇನೂ ಅಲ್ಲ. 1907ರಲ್ಲಿ ಹುಟ್ಟಿದ ಮಿಚೆಲ್‌ಸ್ಕಿ ಸಿರಿವಂತ ಜಮೀನ್ದಾರಿ ಮನೆತನದವನು, ಪ್ಯಾರಿಸ್ಸಿನಲ್ಲಿ ಹೆಸರಾಂತ ಸಂಗೀತ ಗುರು ನಾದಿಯಾ ಬುಲಾಂಜೆಯ ಶಿಷ್ಯ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಜರ್ಮನರ ಹೊಲದಲ್ಲಿ ದುಡಿದವನು. ನಾಲ್ಕು ವರ್ಷ ಕಿರಿಯನಾದ ಕಿಶೆಲೆವ್‌ಸ್ಕಿ ವಾರ್ಸಾದ ಸಮಾಜವಾದಿ ಬರಹಗಾರನೊಬ್ಬನ ಮಗ. ಆ ಅಪ್ಪನ ಹೆಸರೂ ಜಿಗ್ಮುಂಟ್! ಅಪ್ಪನ ಹೆಸರಿಟ್ಟುಕೊಂಡವನ ಜೊತೆ ದನಿಯೇರಿಸಿ ವಾದ ಮಾಡಲು ಅವನಿಗೆ ಬಾಯಿ ಹೇಗೆ ಬರುತ್ತಿತ್ತೋ.

1949ರ ಆಗಸ್ಟ್‌ನಲ್ಲಿ ಪೋಲೆಂಡಿನ ವಾಗುಫ್ ಎಂಬ ಊರಿನಲ್ಲಿ ರಚನಕಾರರ ಸಮ್ಮೇಳನ ನಡೆಯಿತು. ಸಂಗೀತವೂ ಸಮಾಜವಾದಿ ವಾಸ್ತವವಾದಕ್ಕೆ, ಅಂದರೆ ಕಲೆಯೆಲ್ಲ ಸಮಾಜವಾದವನ್ನೇ ಸಾರಬೇಕೆಂಬ ನೀತಿಗೆ, ತಾಳ ಹಾಕಬೇಕೆಂದು ಕಮ್ಯುನಿಸ್ಟ್ ಸರ್ಕಾರದ ಅಪೇಕ್ಷೆ. ಆಗ ರಚನಕಾರರ ಸಂಘದ ಅಧ್ಯಕ್ಷ ಮಿಚೆಲ್‌ಸ್ಕಿ. ಅಧಿಕಾರಿಗಳೊಂದಿಗೂ ಸದಸ್ಯರೊಂದಿಗೂ ಏಗಬೇಕಾದ ಕುರ್ಚಿ ಅದು. ಎದ್ದುನಿಂತು ಪ್ರತಿರೋಧಿಸಿದವನು ಕಿಶೆಲೆವ್‌ಸ್ಕಿ. ಸ್ವರಗಳಿಗೆ ಸ್ವರಗಳೇ ಅರ್ಥ, ಅವುಗಳಿಂದ ಸಿದ್ಧಾಂತ ಹೇಳಿಸಲಾಗದು ಎಂಬುದು ಅವನ ನಿಲುವು. ಇಂಥ ಕುರ್ಚಿಗಳು ಎಷ್ಟೋ ಗೆಳೆತನಗಳನ್ನು ನುಂಗಿವೆ. ಇದನ್ನು ನುಂಗಲಿಲ್ಲ.

1968 ಬಂತು. ಲೇಖಕರ ಸಭೆಯಲ್ಲಿ ಕಿಶೆಲೆವ್‌ಸ್ಕಿ ಸೆನ್ಸಾರ್ ಆಡಳಿತವನ್ನು ‘ಮೂಢರ ಸರ್ವಾಧಿಕಾರ’ ಎಂದ. ಕೆಲವೇ ದಿನಗಳಲ್ಲಿ ‘ಅಪರಿಚಿತರು’ ಅವನನ್ನು ಬೀದಿಯಲ್ಲಿ ಹಿಡಿದು ಬಡಿದರು. ಮುಂದೆ ಮೂರು ವರ್ಷ ಬರಹ ಪ್ರಕಟಿಸುವಂತಿರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಸೋವಿಯತ್ ಪಡೆಗಳೊಂದಿಗೆ ಪೋಲೆಂಡಿನ ಸೈನ್ಯವೂ ಸೇರಿ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ, ಅಲ್ಲಿಯ ಸಂಗೀತಗಾರರಿಗೆ ಬಹಿರಂಗ ಪತ್ರ ಬರೆದವನು ಮಿಚೆಲ್‌ಸ್ಕಿ. ಪತ್ರ ಪ್ಯಾರಿಸ್ಸಿನಿಂದ ಹೊರಡುತ್ತಿದ್ದ ಪೋಲಿಷ್ ವಲಸಿಗರ ಪತ್ರಿಕೆ ‘ಕುಲ್ತೂರಾ’ದಲ್ಲಿ ಅಚ್ಚಾಯಿತು, ‘ರೂಖ್ ಮುಜಿಚ್ನಿ’ ಎಂಬ ಸಂಗೀತ ಪತ್ರಿಕೆಯ ಸಂಪಾದಕತ್ವ ಅವನ ಕೈಬಿಟ್ಟಿತು. 1945ರಲ್ಲಿ ಆ ಪತ್ರಿಕೆಯ ಮೊದಲ ಸಂಪಾದಕನಾಗಿದ್ದವನು ಇದೇ ಕಿಶೆಲೆವ್‌ಸ್ಕಿ. ಒಂದೇ ಪತ್ರಿಕೆಯನ್ನು ಸರದಿಯಂತೆ ನಡೆಸಿದವರು, ಒಂದೇ ವರ್ಷ ಸರದಿಯಂತೆ ಪೆಟ್ಟೂ ತಿಂದರು.

ಬಾಯಿ ಕಟ್ಟಿದ ಆ ವರ್ಷವೇ ಕಿಶೆಲೆವ್‌ಸ್ಕಿಯ ಡೈರಿ ಶುರುವಾಯಿತು. ಮಿಚೆಲ್‌ಸ್ಕಿಯದು 1950ರಿಂದಲೇ ನಡೆದಿತ್ತು. ಎರಡೂ ಅಚ್ಚಾದದ್ದು ಬರೆದವರು ತೀರಿಕೊಂಡ ಮೇಲೆ. ಕಿಶೆಲೆವ್‌ಸ್ಕಿಯ ಪುಟಗಳಲ್ಲಿ ಗೆಳೆಯ ಜಿಗ್ಮುಂಟ್ ಮತ್ತೆ ಮತ್ತೆ ಬಂದುಹೋಗುತ್ತಾನೆ. ಇಂದು ಇಬ್ಬರ ಸ್ವರಗಳಿಗಿಂತ ಡೈರಿಗಳದೇ ಹೆಸರು ಹೆಚ್ಚು. ಸಿಂಫನಿ ಬರೆದವರಿಗೆ ಇದು ಹಿತವಾದ ಮಾತಲ್ಲ, ಗೊತ್ತು; ಏನು ಮಾಡುವುದು, ನನಗೂ ಡೈರಿಯೇ ಇಷ್ಟ. ಆದರೆ ಹಗಲು ಹರಟಿದ್ದನ್ನು ರಾತ್ರಿ ಬರೆದಿಡುವ ಗೆಳೆಯ ನನಗಿದ್ದರೆ, ಅವನ ಮನೆಯಲ್ಲಿ ಕಾಫಿ ಕುಡಿದು, ಹವಾಮಾನದ ಬಗ್ಗೆ ಎರಡು ಮಾತಾಡಿ ಎದ್ದುಬರುತ್ತಿದ್ದೆ.