ಸ್ಪಷ್ಟನೆ: ನೀರಿನ ಕಿಟ್‌ನಿಂದ ಕಾರಿನ ಮೈಲೇಜ್ ಡಬಲ್ ಆಗಲ್ಲ

"ಹಳೇ ಮಾರುತಿ 800ಗೆ ಎಚ್‌ಎಚ್‌ಒ ಕಿಟ್ ಹಾಕ್ಸಿ, ನೀರಿಂದ ಹೈಡ್ರೋಜನ್ ಬರುತ್ತೆ, ಪಿಕಪ್ ಜಾಸ್ತಿ, ಮೈಲೇಜ್ ಡಬಲ್" ಅಂತ ವಾಟ್ಸಾಪಲ್ಲಿ ಓಡಾಡ್ತಿರೋ ಮೆಸೇಜ್ ತಪ್ಪು. ಎಚ್‌ಎಚ್‌ಒ ಕಿಟ್ ಅಂದ್ರೆ ಕರೆಂಟ್ ಹಾಯ್ಸಿ ನೀರನ್ನ ಹೈಡ್ರೋಜನ್, ಆಕ್ಸಿಜನ್ ಗ್ಯಾಸಾಗಿ ಒಡೆಯೋ ಸಾಧನ. ನೀರು ಒಡೆಯೋಕೆ ಕರೆಂಟ್ ಕೊಡೋದು ಆಲ್ಟರ್ನೇಟರ್ರು, ಅದನ್ನ ತಿರುಗ್ಸೋದು ಅದೇ ಇಂಜಿನ್ನು, ಇಂಜಿನ್ ಕುಡಿಯೋದು ಅದೇ ಪೆಟ್ರೋಲು, ಮಧ್ಯೆ ಬೆಲ್ಟು, ವೈರು, ನೀರು ಒಡೆಯೋ ಸೆಲ್ಲು ಎಲ್ಲಾ ಕಡೆ ಬಿಸಿಯಾಗಿ ಶಕ್ತಿ ಸೋರುತ್ತೆ, ಹಂಗಾಗಿ ಆ ಗ್ಯಾಸ್ ಉರಿದು ವಾಪಸ್ ಕೊಡೋದು ಖರ್ಚಾಗಿದ್ದಕ್ಕಿಂತ ಯಾವಾಗ್ಲೂ ಕಮ್ಮೀನೇ. ಇಂಥ ಕಿಟ್‌ಗಳ ವಿಡಿಯೋದಲ್ಲಿ ನೀರಿನ ಜಾರಲ್ಲಿ ಗುಳ್ಳೆ ಏಳೋದೇನೋ ನಿಜ, ಆದ್ರೆ ಅದು ಹೈಡ್ರೋಜನ್ ಆಕ್ಸಿಜನ್ ಎರಡೂ ಬೆರೆತ ಗ್ಯಾಸು, ಸಿಡಿಯೋಕೆ ಒಂದು ಕಿಡಿ ಸಾಕು. ನಂಗೆ ಭಯ ಇರೋದೇ ಇದಕ್ಕೆ.

ಕಮ್ಮಿ ದುಡ್ಡಲ್ಲಿ ಕಾರು ಚುರುಕಾಗ್ಬೇಕು ಅಂದ್ರೆ 800ರ ಬಲ ಇರೋದು ಅದರ ಹಗುರತನದಲ್ಲಿ, 796 ಸಿಸಿ ಇಂಜಿನ್ನು, ತೂಕ ಸುಮಾರು 650 ಕೆಜಿ ಅಷ್ಟೇ. ಕ್ಯಾರಿಯರ್ ಬಿಚ್ಚಿಡಿ, ಟೈರಿಗೆ ಸರಿಯಾಗಿ ಗಾಳಿ ಹಾಕ್ಸಿ, ಬ್ರೇಕ್ ಹಿಡ್ಕೊಂಡಿದ್ಯಾ ನೋಡ್ಸಿ. ಸ್ಪೀಡು 80ರಿಂದ 100ಕ್ಕೆ ಏರಿದ್ರೆ ಗಾಳಿ ತಡೆಯೋದು ಒಂದೂವರೆ ಪಟ್ಟು ದಾಟುತ್ತೆ, ಉಳಿತಾಯ ನಿಜವಾಗ್ಲೂ ಇರೋದು ಸ್ಪೀಡು ಕಮ್ಮಿ ಇಡೋದ್ರಲ್ಲಿ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ, ಈಗಾಗ್ಲೇ ಕಳ್ಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.