ರಜೆಗೆ ಊರಿಗೆ ಬರುವವರೇ, ಒಂದೆರಡು ದಿನ ಶಾಲೆಗೂ ಬನ್ನಿ

ಡಿಸೆಂಬರ್ 20 ದಾಟಿತೆಂದರೆ ಬೆಂಗಳೂರಿನಿಂದ ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಬರುವ ರಾತ್ರಿ ಬಸ್ಸುಗಳಲ್ಲಿ ಸೀಟು ಸಿಗುವುದಿಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲೂ ಅಷ್ಟೇ. ಕಂಪನಿಗಳಲ್ಲಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೆಲಸ ಕಡಿಮೆ, ಉಳಿದ ರಜೆಯನ್ನೆಲ್ಲ ಆಗಲೇ ಮುಗಿಸಬೇಕು. ಹೀಗಾಗಿ ಓದಿದ, ಕೈಯಲ್ಲಿ ಕಸುಬಿರುವ ನೂರಾರು ಜನ ಒಮ್ಮೆಲೇ ಊರಲ್ಲಿರುತ್ತಾರೆ. ಅದೇ ವಾರ ನಮ್ಮ ಸರ್ಕಾರಿ ಶಾಲೆಗಳಿಗೆ 25ನೇ ತಾರೀಖು ಬಿಟ್ಟರೆ ರಜೆ ಇಲ್ಲ. ದಸರಾ ರಜೆ ಅಕ್ಟೋಬರಿನಲ್ಲೇ ಮುಗಿದಿರುತ್ತದೆ, ಪರೀಕ್ಷೆಯ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ, ಮಧ್ಯಾಹ್ನ ಬಯಲಲ್ಲಿ ಕೂತರೂ ಬಿಸಿಲು ಹೊಡೆಯುವುದಿಲ್ಲ. ಶಾಲೆಯಲ್ಲಿ ಸ್ವಯಂಸೇವೆ ಮಾಡಬೇಕು ಅನ್ನುವವರಿಗೆ ನಮ್ಮ ಸೀಮೆಯಲ್ಲಿ ವರ್ಷದಲ್ಲಿ ಇದಕ್ಕಿಂತ ಒಳ್ಳೆ ವಾರ ಇನ್ನೊಂದಿಲ್ಲ.

ಕ್ರಿಸ್‌ಮಸ್‌ಗೂ ಶಾಲೆಗೂ ಬಳ್ಳಾರಿ ಸೀಮೆಯಲ್ಲಿ ಹಳೇ ನಂಟು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ವಾರ್ಡ್ಲಾ ಹೆಸರಿನ ಶಾಲೆ ಊರಿನಲ್ಲಿ ಇವತ್ತಿಗೂ ಇದೆ. ಆದರೆ ಈ ಬರಹ ಮಿಷನ್ ಶಾಲೆಗಳ ಬಗ್ಗೆ ಅಲ್ಲ, ಅಲ್ಲಿ ಹಬ್ಬದ ಸಂಭ್ರಮ ತಾನಾಗಿಯೇ ಇರುತ್ತದೆ. ನಾನು ಹೇಳುತ್ತಿರುವುದು ದೇವದುರ್ಗ, ಕುಷ್ಟಗಿ, ಸಿರುಗುಪ್ಪ ತಾಲ್ಲೂಕುಗಳ ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆ, ಪ್ರೌಢಶಾಲೆಗಳ ಬಗ್ಗೆ.

ಮೊದಲಿಗೆ ಬೇಡವಾದದ್ದು. ಬ್ಯಾಗು, ಜಾಮೆಟ್ರಿ ಬಾಕ್ಸು ಹಂಚಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಸಿಕೊಂಡು ಮುಕ್ಕಾಲು ಗಂಟೆಯಲ್ಲಿ ಕಾರು ಹತ್ತುವ ಕಾರ್ಯಕ್ರಮ ಬೇಡ. ಎರಡು ತರಗತಿಯ ಪಾಠ ಹಾಳಾಗುತ್ತದೆ, ಮಕ್ಕಳಿಗೆ ನಿಮ್ಮ ಹೆಸರೂ ನೆನಪಿರುವುದಿಲ್ಲ, ನಿಮಗೆ ಒಬ್ಬ ಮಗುವಿನ ಹೆಸರೂ ಗೊತ್ತಾಗಿರುವುದಿಲ್ಲ. ಕೇಕು, ಬಿರಿಯಾನಿ ಒಯ್ಯುವುದೂ ಬೇಡ. ಅಕ್ಷರ ದಾಸೋಹದ ಊಟವನ್ನು ಶಿಕ್ಷಕರು ಮೊದಲು ರುಚಿ ನೋಡಿ ಆಮೇಲೆ ಬಡಿಸಬೇಕೆಂಬ ನಿಯಮ ಇರುವುದೇ ಯಾರ ಹೊಟ್ಟೆಯೂ ಕೆಡಬಾರದು ಅಂತ. ಹೊರಗಿನ ತಿಂಡಿಯಿಂದ ಏನಾದರೂ ಆದರೆ ಉತ್ತರ ಹೇಳಬೇಕಾದವರು ಮುಖ್ಯ ಗುರುಗಳು, ನೀವಲ್ಲ. ಇನ್ನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದು ತಾಸು ಪ್ರೇರಣಾ ಭಾಷಣ ಮಾಡುವ ಆಸೆ ಇದ್ದರೆ, ಅದೇ ತಾಸಿನಲ್ಲಿ ಆರು ಮಕ್ಕಳನ್ನು ಕೂರಿಸಿಕೊಂಡು ಋಣ ಸಂಖ್ಯೆಗಳ ಕೂಡು-ಕಳೆ, ಭಿನ್ನರಾಶಿ ಸರಿಮಾಡಿಸಿ. ಗಣಿತದ 80 ಅಂಕದ ಪತ್ರಿಕೆಯಲ್ಲಿ ಬಹಳಷ್ಟು ಅಂಕ ಹೋಗುವುದು ಈ ಹಳೇ ಪಾಠಗಳಲ್ಲೇ.

ಶಾಲೆಗೆ ಹೇಳದೇ ಹೋಗಬಾರದು. ಕನಿಷ್ಠ ಹತ್ತು ದಿನ ಮುಂಚೆ ಮುಖ್ಯ ಗುರುಗಳಿಗೆ ಫೋನ್ ಮಾಡಿ, ಒಂದು ಪುಟದ ಪತ್ರ ಕೊಡಿ: ಯಾರು ಬರುತ್ತೀರಿ, ಯಾವ ದಿನ, ಎಷ್ಟು ಹೊತ್ತು, ಯಾವ ತರಗತಿ, ಏನು ಕೆಲಸ. ಜೊತೆಗೆ ಗುರುತಿನ ಚೀಟಿಯ ನಕಲು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ಹೇಳಿ, ಬಹಳ ಕಡೆ ಅವರು ನಿಮ್ಮ ಓಣಿಯವರೇ ಇರುತ್ತಾರೆ. ಶಾಲೆಯ ಪಂಚಾಂಗದಲ್ಲಿ ಈ ದಿನಗಳಿಗೆ ಒಳ್ಳೆಯ ನೆಪಗಳೂ ಇವೆ. ಡಿಸೆಂಬರ್ 22 ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. 29 ಕುವೆಂಪು ಜನ್ಮದಿನ. ಜನವರಿ 3 ಸಾವಿತ್ರಿಬಾಯಿ ಫುಲೆ ಜಯಂತಿ. ಈ ದಿನಗಳಿಗೆ ಶಾಲೆಯವರು ಹೇಗೂ ಏನಾದರೂ ಮಾಡಬೇಕು, ನಿಮ್ಮ ಕೆಲಸವನ್ನು ಅದಕ್ಕೆ ಜೋಡಿಸಿದರೆ ಅನುಮತಿ ಸುಲಭ. ಸಂತೆಯ ದಿನ ಬೇಡ, ಹಾಜರಾತಿ ಅರ್ಧಕ್ಕರ್ಧ ಇಳಿದಿರುತ್ತದೆ. ಎಳ್ಳ ಅಮಾವಾಸ್ಯೆ ಕೆಲವು ವರ್ಷ ಇದೇ ವಾರದಲ್ಲಿ ಬರುತ್ತದೆ, ಅವತ್ತು ಮಕ್ಕಳೆಲ್ಲ ಚರಗ ಚೆಲ್ಲಲು (ಬೆಳೆಗೆ ಎಡೆ ಎರಚಲು) ಹೊಲದಲ್ಲಿರುತ್ತಾರೆ. ಹತ್ತಿ ಬಿಡಿಸುವ ಕಾಲ, ಕೂಲಿ ಹುಡುಕಿ ಗುಳೆ ಹೋದ ಮನೆಗಳ ಕಾಲವೂ ಇದೇ. ಪಟ್ಟಿಯಲ್ಲಿ 40 ಹೆಸರಿದ್ದರೆ ಎದುರಿಗೆ 25 ಮಕ್ಕಳು ಇರಬಹುದು. ಸಿದ್ಧತೆಯನ್ನು ಆ ಲೆಕ್ಕದಲ್ಲೇ ಮಾಡಿಕೊಳ್ಳಿ.

ಒಂದೇ ಒಂದು ಕೆಲಸ ಮಾಡಲು ಸಮಯ ಇದ್ದರೆ ನನ್ನ ಮತ ಗ್ರಂಥಾಲಯದ ಬೀರುವಿಗೆ. ಬೀರು ಇಲ್ಲದ ಶಾಲೆ ಕಡಿಮೆ, ಬೀಗ ತೆಗೆದಿಟ್ಟ ಬೀರು ಇನ್ನೂ ಕಡಿಮೆ. ಇದರಲ್ಲಿ ಶಿಕ್ಷಕರ ತಪ್ಪು ಹುಡುಕಬೇಡಿ. ಪುಸ್ತಕಗಳು ಸ್ಟಾಕ್ ರಿಜಿಸ್ಟರಿನಲ್ಲಿವೆ, ಚಾರ್ಜ್ ಕೊಡುವಾಗ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು, ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕಾದೀತು ಅನ್ನುವ ಹೆದರಿಕೆ. ಹಾಗಾಗಿ ನೀವು ತರುವ ಪುಸ್ತಕಗಳಿಗೆ ಬೇರೆ ಪಟ್ಟಿ ಮಾಡಿ, ‘ಮಕ್ಕಳ ಬಳಕೆಗೆ, ಹರಿಯಬಹುದು, ಕಳೆಯಬಹುದು’ ಅಂತ ಮೇಲೇ ಬರೆದು, ಎಸ್‌ಡಿಎಂಸಿ ಸಹಿ ಹಾಕಿಸಿ ಕೊಡಿ. ಆ ಒಂದು ಹಾಳೆಯಿಂದ ಮುಖ್ಯ ಗುರುಗಳ ಮುಖ ಎಷ್ಟು ಹಗುರಾಗುತ್ತದೆ ಅಂತ ನೋಡಿದವರಿಗೇ ಗೊತ್ತು.

ಮೊದಲ ದಿನ ಬೀರು ಖಾಲಿ ಮಾಡಿ. ಪುಸ್ತಕಗಳನ್ನು ಬೆಳಗಿನ ಬಿಸಿಲಿಗೆ ಬಿಚ್ಚಿ ಹರವಿ, ಒಂದು ತಾಸು ಸಾಕು. ಹೆಚ್ಚಾದರೆ ಬೆನ್ನಿನ ಅಂಟು ಒಣಗಿ ಹಾಳೆ ಉದುರುತ್ತವೆ. ಬೀರು ಗೋಡೆಗೆ ಅಂಟಿಕೊಂಡಿದ್ದರೆ ನಾಲ್ಕು ಇಂಚು ಮುಂದೆ ಎಳೆದು, ಕಾಲಿನ ಕೆಳಗೆ ಇಟ್ಟಿಗೆ ಕೊಡಿ. ಗೆದ್ದಲು ಬರುವುದು ಗೋಡೆಯ ಮೂಲಕ, ಹಿಂಬದಿ ಕಾಣುವಂತಿದ್ದರೆ ಮಣ್ಣಿನ ಗೆರೆ ಎದ್ದ ಕೂಡಲೇ ಗೊತ್ತಾಗುತ್ತದೆ. ಬೇವಿನ ಎಲೆ ಇಡುವುದಾದರೆ ಪೂರ್ತಿ ಒಣಗಿದ್ದನ್ನೇ ಇಡಿ, ಹಸಿ ಎಲೆ ಇಟ್ಟರೆ ಬೂಸು ಹಿಡಿಯುತ್ತದೆ.

ಹರಿದ ಪುಸ್ತಕಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ನಮ್ಮ ಏಪ್ರಿಲ್ ಬಿಸಿಗೆ ಅದು ಹಳದಿಯಾಗಿ, ಅಂಟು ಕರಗಿ ಪಕ್ಕದ ಹಾಳೆಯನ್ನೂ ಹಿಡಿದುಕೊಳ್ಳುತ್ತದೆ. ನಡುವೆ ಪಿನ್ ಹೊಡೆದ ತೆಳು ಕಥೆಪುಸ್ತಕಗಳಲ್ಲಿ ಪಿನ್ ತುಕ್ಕು ಹಿಡಿದು ಹಾಳೆ ಕಿತ್ತಿರುತ್ತವೆ. ಪಿನ್ ತೆಗೆದು ಹೊಲಿಯಿರಿ. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು; ಪುಸ್ತಕದ ಎತ್ತರದ ಎರಡೂವರೆ ಪಟ್ಟು ಗಟ್ಟಿ ಹತ್ತಿ ದಾರ. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಕ್ಕೆ ಬನ್ನಿ, ಮೇಲಿನ ತೂತಿನಲ್ಲಿ ಒಳಕ್ಕೆ, ಒಳಗಿನಿಂದಲೇ ನೇರ ಕೆಳಗಿನ ತೂತಿಗೆ ಇಳಿದು ಹೊರಕ್ಕೆ, ಮತ್ತೆ ನಡುವಿನ ತೂತಿನಲ್ಲಿ ಒಳಕ್ಕೆ. ಎರಡು ತುದಿಗಳು ಉದ್ದ ದಾರದ ಆಚೆ ಒಂದು, ಈಚೆ ಒಂದು ಬರುವಂತೆ ಗಂಟು ಹಾಕಿ. ಏಳನೇ ತರಗತಿ ಮಕ್ಕಳು ಎರಡನೇ ಪುಸ್ತಕಕ್ಕೇ ಇದನ್ನು ಕಲಿತುಬಿಡುತ್ತಾರೆ. ದಬ್ಬಣ ಮಾತ್ರ ದೊಡ್ಡವರ ಕೈಯಲ್ಲಿರಲಿ.

ಹೊಲಿದ ಪುಸ್ತಕ ಮತ್ತೆ ಬೀರುವಿಗೆ ಹೋಗಬಾರದು, ಮಕ್ಕಳ ಕಣ್ಣಿಗೆ ಬೀಳಬೇಕು. ಎರಡು ಕಿಟಕಿಯ ಸರಳುಗಳ ನಡುವೆ ನೈಲಾನ್ ಹಗ್ಗ ಎಳೆದು ಕಟ್ಟಿದರೆ ಗೋಡೆಗೆ ಮೊಳೆ ಹೊಡೆಯುವ ಕೆಲಸವಿಲ್ಲ. ನೆಲದಿಂದ ಎರಡೂವರೆ ಅಡಿಗೆ ಒಂದು ಹಗ್ಗ, ನಾಲ್ಕು ಅಡಿಗೆ ಇನ್ನೊಂದು. ಪುಸ್ತಕವನ್ನು ನಡುಹಾಳೆಗೆ ತೆರೆದು, ಬಟ್ಟೆ ಒಣಹಾಕಿದ ಹಾಗೆ ಹಗ್ಗದ ಮೇಲೆ ಕೂರಿಸಿ. 15 ಅಡಿ ಹಗ್ಗಕ್ಕೆ 20 ಪುಸ್ತಕ ಹಿಡಿಯುತ್ತವೆ, ಎರಡು ಸಾಲಿಗೆ 40. ನಡುವೆ ಒಂದು ಕಡೆಯಾದರೂ ಆಧಾರ ಕೊಡದಿದ್ದರೆ ಹಗ್ಗ ಜೋತು ಬಿದ್ದು ಪುಸ್ತಕಗಳೆಲ್ಲ ಮಧ್ಯಕ್ಕೆ ಜಾರುತ್ತವೆ. ಬೆನ್ನಿಗೆ ಅಂಟು ಹಾಕಿದ ದಪ್ಪ ಪುಸ್ತಕಗಳನ್ನು ಹೀಗೆ ನೇತುಹಾಕಬೇಡಿ, ಬೆನ್ನು ಮುರಿಯುತ್ತದೆ. ಅವುಗಳಿಗೆ ಒಂದು ರಟ್ಟಿನ ಪೆಟ್ಟಿಗೆ ಸಾಕು. ಪುಸ್ತಕವೇ ಕಡಿಮೆ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ, ಮುದ್ರಿಸಿಕೊಳ್ಳಲು ಅನುಮತಿಯೂ ಇದೆ. ಮೊದಲೆರಡು ಹಂತದವನ್ನೇ ಹೆಚ್ಚು ಆರಿಸಿ. ನಾಲ್ಕನೇ ತರಗತಿಯಲ್ಲಿದ್ದೂ ಎರಡನೇ ತರಗತಿಯ ಪಾಠ ಓದಲಾಗದ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ, ಅವರ ಕೈಗೆ ದಪ್ಪ ಪುಸ್ತಕ ಕೊಟ್ಟರೆ ಚಿತ್ರ ನೋಡಿ ವಾಪಸ್ ಇಡುತ್ತಾರೆ.

ಪುಸ್ತಕ ನೇತುಹಾಕಿದ ಮೇಲೆ ಓದಿ ಹೇಳಿ. ದಿನಕ್ಕೆ 20 ನಿಮಿಷ, ಒಂದೇ ಕಥೆ. ಅರ್ಧ ವೃತ್ತದಲ್ಲಿ 25 ಮಕ್ಕಳಿಗಿಂತ ಹೆಚ್ಚು ಬೇಡ, ಹಿಂದಿನ ಸಾಲಿಗೆ ಚಿತ್ರ ಕಾಣದಿದ್ದರೆ ಅಲ್ಲಿಂದಲೇ ಗದ್ದಲ ಶುರು. ಪುಸ್ತಕ ನಿಮ್ಮ ಎದೆಯ ಪಕ್ಕದಲ್ಲಿ, ಚಿತ್ರ ಮಕ್ಕಳ ಕಡೆಗೆ. ಅದಕ್ಕೇ ಮನೆಯಲ್ಲಿ ಎರಡು ಸಲ ಓದಿ ಬಾಯಿಗೆ ಕೂರಿಸಿಕೊಂಡು ಹೋಗಬೇಕು. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಬಹಳ. ಮೊದಲು ಚಿತ್ರ ತೋರಿಸಿ ಏನು ಕಾಣುತ್ತದೆ ಅಂತ ಕೇಳಿ, ಅವರದೇ ಮಾತಿನಲ್ಲಿ ಹೇಳಲಿ, ಆಮೇಲೆ ಓದಿ. ಕಥೆ ಮುಗಿದ ಮೇಲೆ ‘ನೀತಿ ಏನು’ ಅಂತ ಕೇಳಬೇಡಿ. ಅದನ್ನು ಕೇಳಿದ ಕೂಡಲೇ ಮಕ್ಕಳು ಕೈಕಟ್ಟಿ ಕೂರುತ್ತಾರೆ.

ಆಮೇಲೆ ಒಂದೊಂದು ಮಗುವಿನ ಪಕ್ಕ ಕೂತು ಓದಿಸಿ. ಹುಡುಗ ಬೆರಳಿಟ್ಟು ‘ಕತ್ತೆ’ಯನ್ನು ‘ಕತೆ’ ಅಂತ ಓದಿ ಮುಂದೆ ಹೋಗುತ್ತಾನೆ. ಅಕ್ಷರ ಬರುತ್ತದೆ, ಕಾಗುಣಿತ ಬರುತ್ತದೆ, ಒತ್ತು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನಡುವೆ ತಡೆಯಬೇಡಿ. ವಾಕ್ಯ ಮುಗಿಯಲಿ, ಅರ್ಥ ಕೂಡದೇ ಇದ್ದಾಗ ಅವನೇ ಒಂದು ಗಳಿಗೆ ನಿಲ್ಲುತ್ತಾನೆ, ಮತ್ತೆ ಚಿತ್ರ ನೋಡುತ್ತಾನೆ, ಬೆರಳು ಹಿಂದಕ್ಕೆ ಬರುತ್ತದೆ, ‘ಕತ್ತೆ!’ ಅನ್ನುತ್ತಾನೆ. ನಿಲ್ಲದೇ ಹೋದರೆ ಬೆರಳಿಟ್ಟು ಇನ್ನೊಮ್ಮೆ ಓದಿಸಿ. ಒಂದು ಪದಕ್ಕೆ ಪೂರ್ತಿ ಸಿಕ್ಕಿಕೊಂಡರೆ ಐದು ಸೆಕೆಂಡು ಕಾಯಿರಿ, ನೀವೇ ಹೇಳಿ ಮುಂದೆ ಕಳಿಸಿ. ಸ್ವಯಂಸೇವೆಯ ಖುಷಿ ಖುಷಿ ಅಂತ ಎಲ್ಲರೂ ಬರೆಯುತ್ತಾರಲ್ಲ, ಅದು ಇರುವುದು ಆ ಬೆರಳು ಹಿಂದಕ್ಕೆ ಬರುವ ಗಳಿಗೆಯಲ್ಲಿ. ಹಂಚಿ ಹೋಗುವವರಿಗೆ ಅದು ಸಿಗುವುದಿಲ್ಲ ಅನ್ನುವುದೇ ನನ್ನ ಬೇಸರ.

ಇನ್ನು ಹಬ್ಬದ ನಕ್ಷತ್ರ. ಸರ್ಕಾರಿ ಶಾಲೆಯಲ್ಲಿ ಪೂಜೆ, ಪ್ರಾರ್ಥನೆಯ ವಿಷಯ ತರಬೇಕಿಲ್ಲ, ಎಂಟು-ಒಂಬತ್ತನೇ ತರಗತಿಗೆ ಇದೇ ಒಂದು ರೇಖಾಗಣಿತದ ಪಾಠ. ಎರಡು ಅಡಿ ಉದ್ದದ ಹತ್ತು ಬಿದಿರು ದಬ್ಬೆ, ನಾಲ್ಕು ಇಂಚಿನ ಐದು ತುಂಡು, ನೂಲು, ಗಾಳಿಪಟದ ಕಾಗದ ಎರಡು ಹಾಳೆ. ಐದೈದು ದಬ್ಬೆ ಸೇರಿಸಿ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದೂ ತುದಿಗಳನ್ನು ಬಿಗಿಯಿರಿ. ಒಳಗೆ ದಬ್ಬೆಗಳು ಅಡ್ಡ ಹಾಯುವ ಐದು ಕಡೆ ತುಂಡುಗಳನ್ನು ಸಿಕ್ಕಿಸಿದರೆ ನಕ್ಷತ್ರ ಉಬ್ಬಿ ನಿಲ್ಲುತ್ತದೆ. ದಬ್ಬೆ 3 ಮಿಲಿಮೀಟರಿಗಿಂತ ದಪ್ಪ ಇದ್ದರೆ ಈ ಹಂತದಲ್ಲಿ ಸೀಳುತ್ತದೆ, ಒಂದು ತಾಸು ನೀರಲ್ಲಿ ನೆನೆಸಿಟ್ಟುಕೊಳ್ಳಿ. ಉದ್ದದಲ್ಲಿ ಅರ್ಧ ಇಂಚು ಹೆಚ್ಚುಕಡಿಮೆ ಆದರೂ ನಕ್ಷತ್ರ ಸೊಟ್ಟ. ತುದಿಯ ಕೋನ ಅಳೆಸಿ, 36 ಡಿಗ್ರಿ ಬರಬೇಕು, ಐದೂ ಕೂಡಿ 180. ಒಳಗಿನ ಪಂಚಭುಜದ ಕೋನ 108. ತಮ್ಮ ಕೈಯಿಂದ ಕಟ್ಟಿದ ಸೊಟ್ಟ ನಕ್ಷತ್ರದಲ್ಲಿ 33, 39 ಬಂದಾಗ ಮಕ್ಕಳೇ ಮೊತ್ತ ಹಾಕಿ ನೋಡುತ್ತಾರೆ, ಅದು ಆಗಲೂ 180ರ ಆಸುಪಾಸಿನಲ್ಲೇ ಇರುತ್ತದೆ. ಯಾಕೆ ಅನ್ನುವ ಪ್ರಶ್ನೆ ಅಲ್ಲಿಂದ ಏಳುತ್ತದೆ. ಅಂಟಿಗೆ ಹುಣಸೆ ಬೀಜದ ಗಂಜಿ ಮಾಡಿ, ಕೊಪ್ಪಳದ ಕಿನ್ನಾಳ ಗೊಂಬೆ ಮಾಡುವವರು ಬಳಸುವುದೂ ಅದನ್ನೇ. ಬೀಜ ಹುರಿದು ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ ಕುದಿಸಬೇಕು. ಪಕ್ಕದ ಸಂದುಗಳಿಗೆ ಕಾಗದ ಹಚ್ಚಬೇಡಿ, ಬಲ್ಬ್ ಹಾಕಲು ಕೈ ಹೋಗಬೇಕು. ಬಲ್ಬ್ ಎಲ್‌ಇಡಿಯೇ ಆಗಲಿ, ವೈರಿನ ಕೆಲಸ ದೊಡ್ಡವರದು.

ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರಬೇಡಿ, ಬಾಗಿಲು ತೆರೆದಿರಲಿ, ತರಗತಿಯ ಶಿಕ್ಷಕರು ಜೊತೆಗಿರಲಿ. ಮಕ್ಕಳ ಮುಖ ಕಾಣುವ ಫೋಟೋ ಜಾಲತಾಣಗಳಲ್ಲಿ ಹಾಕಬೇಡಿ. ಹಗ್ಗದ ಮೇಲಿನ ಪುಸ್ತಕಗಳ ಫೋಟೋ ಹಾಕಿ, ಇನ್ನೊಂದು ಊರಿನವರು ನೋಡಿ ಕಟ್ಟಿಕೊಳ್ಳಲಿ.

ವಾಪಸ್ ಹೊರಡುವ ಮುಂಚೆ ಏಳನೇ ತರಗತಿಯ ಇಬ್ಬರಿಗೆ ಪುಸ್ತಕದ ವಹಿ ಒಪ್ಪಿಸಿ. ಒಬ್ಬ ಹುಡುಗಿ, ಒಬ್ಬ ಹುಡುಗ. ವಹಿಯಲ್ಲಿ ನಾಲ್ಕೇ ಕಲಂ: ತಾರೀಖು, ಹೆಸರು, ಪುಸ್ತಕದ ನಂಬರು, ವಾಪಸ್ ಬಂತೋ ಇಲ್ಲವೋ. ಶನಿವಾರ ಬೆಳಗಿನ ಶಾಲೆ ಬಿಡುವಾಗ ಪುಸ್ತಕ ಮನೆಗೆ, ಸೋಮವಾರ ವಾಪಸ್. ಹಗ್ಗದ ಮೇಲಿನ 40ನ್ನು ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು, ಅದೇ ಪುಸ್ತಕ ತಿಂಗಳಿಡೀ ನೇತಾಡಿದರೆ ಮಕ್ಕಳು ಅತ್ತ ನೋಡುವುದನ್ನೇ ಬಿಡುತ್ತಾರೆ. ಒಂದು ದಬ್ಬಣ, ಒಂದು ಉಂಡೆ ದಾರ, ಹತ್ತು ಅಡಿ ಹೆಚ್ಚುವರಿ ಹಗ್ಗವನ್ನು ಮುಖ್ಯ ಗುರುಗಳ ಟೇಬಲ್ಲಿನಲ್ಲಿ ಬಿಟ್ಟು ಬನ್ನಿ. ಯುಗಾದಿಗೆ ಮತ್ತೆ ಊರಿಗೆ ಬರುತ್ತೀರಲ್ಲ, ಶಾಲೆ ಇರುವ ದಿನ ನೋಡಿಕೊಂಡು ಟಿಕೆಟ್ ಮಾಡಿಸಿ.